ಮೊದಲ ಭೇಟಿಯಲ್ಲಿ ಏನು ಕೇಳಬೇಕು, ಏನು ಬಿಡಬೇಕು: ಇನ್‌ಟೇಕ್ ಸಂದರ್ಶನ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಥೆರಪಿಸ್ಟ್ ತರಬೇತಿಯಲ್ಲಿದ್ದಾಗ ನಾನು ಮಾಡಿದ ಮೊದಲ ಇನ್‌ಟೇಕ್‌ನಲ್ಲಿ ಫಾರ್ಮ್‌ನ ಒಂದು ಖಾನೆಯೂ ಖಾಲಿ ಉಳಿದಿರಲಿಲ್ಲ. ನಿದ್ದೆ ಎಷ್ಟು ಗಂಟೆ, ಹಸಿವು ಹೇಗೆ, ಅಪ್ಪ ಅಮ್ಮನ ವಯಸ್ಸು, ಹಿಂದೆ ನುಂಗಿದ ಮಾತ್ರೆಗಳು, ಎಲ್ಲ ಇತ್ತು. ಸೂಪರ್‌ವೈಸರ್ ಎರಡು ಪುಟ ತಿರುವಿ ಹಾಕಿ ಕೇಳಿದರು: "ಈ ತೊಂದರೆ ಮೂರು ವರ್ಷದಿಂದ ಇದೆ ಅಂತ ಬರೆದಿದ್ದೀರಿ. ಹಾಗಾದರೆ ಕಳೆದ ವಾರವೇ ಯಾಕೆ ಫೋನ್ ಮಾಡಿದರು?" ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲೇ ಇಲ್ಲ. ಆ ವ್ಯಕ್ತಿ ಎರಡನೇ ಭೇಟಿಗೆ ಬರಲೂ ಇಲ್ಲ.

ಇನ್‌ಟೇಕ್ ಅಂದರೆ ಥೆರಪಿಗೆ ಹೊಸದಾಗಿ ಬಂದವರ ಜೊತೆ ನಡೆಸುವ ಮೊದಲ ಮಾತುಕತೆ. ಸಾಮಾನ್ಯವಾಗಿ 50ರಿಂದ 90 ನಿಮಿಷ. ಇವರಿಗೆ ಏನಾಗಿದೆ, ಈಗ ಜೀವಕ್ಕೆ ಅಪಾಯ ಇದೆಯಾ, ನನ್ನಿಂದ ಇವರಿಗೆ ಉಪಯೋಗ ಆಗುತ್ತದಾ, ಇಷ್ಟು ನಿಮಗೆ ತಿಳಿಯಬೇಕು. ಜೊತೆಗೆ, ಹೊರಗೆ ಹೋಗುವಾಗ ಅವರಿಗೆ "ಇನ್ನೊಂದು ಸಲ ಬರೋಣ" ಅನ್ನಿಸಬೇಕು. ಕಲಿಯುವವರು ಮೊದಲನೆಯದರಲ್ಲೇ ಮುಳುಗಿ ಕೊನೆಯದನ್ನು ಮರೆಯುತ್ತಾರೆ. ಒಂದೇ ಸಲ ಬಂದು ನಿಲ್ಲಿಸಿಬಿಡುವವರು ಯಾವ ಕ್ಲಿನಿಕ್‌ನಲ್ಲೂ ಕಡಿಮೆಯಿಲ್ಲ. ಅದಕ್ಕೇ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ: ಫಾರ್ಮ್ ನನ್ನದು, ಕ್ರಮ ಅವರದು. ಅವರು ಮಗುವಿನಿಂದ ಶುರು ಮಾಡಿದರೆ ನಾನೂ ಮಗುವಿನಿಂದಲೇ ಶುರು ಮಾಡುತ್ತೇನೆ. ನಿದ್ದೆಯ ಖಾನೆ ಕಾಯುತ್ತದೆ.

ಹಂತ 1: ಅವರು ಬರುವ ಮುಂಚೆ

ಹೆಸರು, ವಿಳಾಸ, ತುರ್ತು ಸಂಪರ್ಕ, ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿ, ಒಪ್ಪಿಗೆ ಪತ್ರ, ಇವನ್ನೆಲ್ಲ ಮೊದಲೇ ತುಂಬಿಸಿಕೊಳ್ಳಿ. ಕಾಗದದಲ್ಲಿ ಆಗುವ ಕೆಲಸಕ್ಕೆ ಎದುರೆದುರು ಕೂತ ಸಮಯ ಖರ್ಚು ಮಾಡಬೇಡಿ.

ಬೇರೆಯವರು ಕಳಿಸಿದ ಪತ್ರ ಇದ್ದರೆ ಓದಿ. ಆದರೆ ಅದರಲ್ಲಿರುವ ಕಾಯಿಲೆಯ ಹೆಸರನ್ನು ಕನ್ನಡಕದ ಹಾಗೆ ಹಾಕಿಕೊಂಡು ಕೂರಬೇಡಿ. "ಖಿನ್ನತೆ" ಅಂತ ಬರೆದಿದ್ದರೆ ಖಿನ್ನತೆಯೇ ಕಾಣಿಸುತ್ತದೆ, ಪಕ್ಕದಲ್ಲಿರುವ ಕುಡಿತ ಕಾಣುವುದಿಲ್ಲ.

ಗಡಿಯಾರವನ್ನು ಅವರ ಕುರ್ಚಿಯ ಹಿಂದಿನ ಗೋಡೆಗೆ ಹಾಕಿ. ನೀವು ಕೈಗಡಿಯಾರ ನೋಡಿದರೆ ಸಾಕು, ಎದುರಿಗಿರುವವರ ಮಾತು ಅಲ್ಲಿಗೇ ಮೊಟಕಾಗುತ್ತದೆ. ಕುರ್ಚಿಗಳು ಸ್ವಲ್ಪ ಓರೆಯಾಗಿರಲಿ. ಕಣ್ಣು ತಪ್ಪಿಸಲು ಅವರಿಗೆ ಒಂದು ದಾರಿ ಬೇಕು. ಬಾಗಿಲಿಗೆ ಹೋಗುವ ದಾರಿ ಇಬ್ಬರಿಗೂ ತೆರೆದಿರಲಿ.

ತುರ್ತು ಪರಿಸ್ಥಿತಿ ಬಂದರೆ ಯಾರಿಗೆ ಫೋನ್ ಮಾಡುತ್ತೀರಿ, ಸೂಪರ್‌ವೈಸರ್ ಆ ಹೊತ್ತಿಗೆ ಸಿಗುತ್ತಾರಾ, ಹತ್ತಿರದ ತುರ್ತು ಚಿಕಿತ್ಸಾ ವಿಭಾಗ ಎಲ್ಲಿದೆ, ಇದು ಮೊದಲೇ ಗೊತ್ತಿರಲಿ. ವಿಡಿಯೋ ಕಾಲ್ ಆದರೆ ಶುರುವಿನಲ್ಲೇ ಕೇಳಿ: ಈಗ ಎಲ್ಲಿ ಕೂತಿದ್ದೀರಿ, ಪಕ್ಕದಲ್ಲಿ ಯಾರಾದರೂ ಇದ್ದಾರಾ, ಲೈನ್ ಕಟ್ ಆದರೆ ಯಾವ ನಂಬರಿಗೆ ಫೋನ್ ಮಾಡಲಿ.

ಹಂತ 2: ಮೊದಲ ಐದು ನಿಮಿಷ

ಹೇಗೆ ಕರೆಯಬೇಕು ಅಂತ ಕೇಳಿ. ವಯಸ್ಸು ಚಿಕ್ಕದಿದ್ದರೂ "ನೀವು" ಅನ್ನಿ. ಹದಿನಾರರ ಹುಡುಗ "ನೀನು ಅನ್ನಿ ಪರವಾಗಿಲ್ಲ" ಅಂದರೆ ಆಗ ಬದಲಾಯಿಸಬಹುದು. ಮೊದಲೇ "ನೀನು" ಅಂದುಬಿಟ್ಟರೆ ನೀವು ಅವನ ಪಾಲಿಗೆ ಇನ್ನೊಬ್ಬ ಮೇಷ್ಟ್ರು ಅಷ್ಟೇ.

ಆಮೇಲೆ ಗೋಪ್ಯತೆಯ ಮಾತು. ಇದನ್ನು ಗಿಣಿಪಾಠದ ಹಾಗೆ ಒಪ್ಪಿಸಬೇಡಿ. ತರಬೇತಿಯಲ್ಲಿದ್ದಾಗ ನಾನು ಹೇಳುತ್ತಿದ್ದದ್ದು ಸುಮಾರು ಹೀಗೆ: "ಇಲ್ಲಿ ನೀವು ಹೇಳಿದ್ದು ನನ್ನ ಹತ್ತಿರವೇ ಇರುತ್ತದೆ. ಕೆಲವು ಸಂದರ್ಭಗಳಲ್ಲಿ ಮಾತ್ರ ಹೊರಗೆ ಹೇಳಬೇಕಾಗುತ್ತದೆ. ನಿಮ್ಮ ಜೀವಕ್ಕೆ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ, ಕೋರ್ಟ್ ಕೇಳಿದರೆ. ಹಾಗೇನಾದರೂ ಬಂದರೆ, ಸಾಧ್ಯವಾದಷ್ಟು ನಿಮಗೆ ಹೇಳಿಯೇ ಮಾಡುತ್ತೇನೆ. ನಾನು ಕಲಿಯುತ್ತಿರುವುದರಿಂದ ನನ್ನ ಸೂಪರ್‌ವೈಸರ್ ಜೊತೆ ಚರ್ಚೆ ಮಾಡುತ್ತೇನೆ." ನಿಖರವಾದ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ ಇರುತ್ತದೆ, ನಿಮ್ಮಲ್ಲಿನದನ್ನು ಓದಿಕೊಳ್ಳಿ. ಕಲಿಯುತ್ತಿದ್ದೇನೆ ಅಂತ ಹೇಳಲು ನಾಚಿಕೆ ಪಡಬೇಡಿ. ಆಮೇಲೆ ಬೇರೆ ಕಡೆಯಿಂದ ಗೊತ್ತಾದರೆ ಕೆಟ್ಟದಾಗಿರುತ್ತದೆ.

ನೋಟ್ಸ್ ಬರೆದುಕೊಳ್ಳಲು ಅನುಮತಿ ಕೇಳಿ. ಅವರು ಅಳುತ್ತಿರುವಾಗ ಪೆನ್ ಕೆಳಗಿಡಿ.

ಹಂತ 3: ಬಾಗಿಲು ತೆರೆದಿಟ್ಟು ಕೇಳುವುದು

"ಇವತ್ತು ಇಲ್ಲಿಗೆ ಬರಬೇಕು ಅನ್ನಿಸುವ ಹಾಗೆ ಏನಾಯಿತು?" ಇಷ್ಟು ಕೇಳಿ ಸುಮ್ಮನಾಗಿ. ಮೊದಲ ಹತ್ತು ನಿಮಿಷ ಅವರ ಕೈಯಲ್ಲಿರಲಿ. ಮಧ್ಯೆ "ಹ್ಞಾಂ", "ಆಮೇಲೆ?" ಸಾಕು. ಮೌನ ಬಂದಾಗ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಹೊಸಬರಿಗೆ ಎರಡು ಸೆಕೆಂಡ್ ಮೌನವೇ ಎರಡು ನಿಮಿಷದ ಹಾಗೆ ಅನ್ನಿಸುತ್ತದೆ. ಆ ಗಾಬರಿಯಲ್ಲಿ ಮುಂದಿನ ಪ್ರಶ್ನೆ ಎಸೆದುಬಿಡುತ್ತಾರೆ.

ಜನ ತಂದುಕೊಡುವ ಪದಗಳು ಮುಚ್ಚಿದ ಡಬ್ಬಿಗಳ ಹಾಗೆ. "ಬೇಜಾರು" ಅನ್ನುವ ಒಂದೇ ಪದದಲ್ಲಿ ದುಃಖ ಇರಬಹುದು, ಹೊತ್ತು ಹೋಗದಿರುವುದು ಇರಬಹುದು, ಯಾರದೋ ಮಾತಿಗೆ ನೊಂದಿದ್ದು ಇರಬಹುದು, ಬದುಕೇ ಸಾಕಾಗಿದ್ದೂ ಇರಬಹುದು. "ಟೆನ್ಷನ್" ಕೂಡ ಹಾಗೇ. ನಿಮಗೆ ಅರ್ಥವಾಯಿತು ಅನ್ನಿಸಿದಾಗಲೇ ಇನ್ನೊಂದು ಸಲ ಕೇಳಬೇಕು. ಹಲವು ಮಾತುಕತೆಗಳನ್ನು ಸೇರಿಸಿ ನಾನೇ ಕಟ್ಟಿದ ಒಂದು ಉದಾಹರಣೆ:

"ಏನಿಲ್ಲ, ಸ್ವಲ್ಪ ಟೆನ್ಷನ್ ಅಷ್ಟೇ."

"ಟೆನ್ಷನ್ ಆದಾಗ ನಿಮಗೆ ಹೇಗಾಗುತ್ತೆ?"

"ಹೇಗೆ ಅಂದ್ರೆ... ಎಲ್ಲರಿಗೂ ಇರುತ್ತಲ್ಲ, ಹಾಗೇ."

ಸ್ವಲ್ಪ ಮೌನ.

"ಕಳೆದ ವಾರ ಅದು ಜಾಸ್ತಿ ಆದ ಒಂದು ದಿನ ನೆನಪಿದೆಯಾ?"

"ಗುರುವಾರ. ಆಫೀಸ್ ಮುಂದೆ ಕಾರು ನಿಲ್ಲಿಸಿ ಒಳಗೇ ಕೂತಿದ್ದೆ. ಇಳಿಯೋಕೆ ಆಗ್ಲಿಲ್ಲ. ನಲವತ್ತು ನಿಮಿಷ."

"ಆ ನಲವತ್ತು ನಿಮಿಷ ಏನಾಗ್ತಿತ್ತು?"

"ಎದೆ ಢವಢವ ಅಂತಿತ್ತು. ಕೈ ಜೋಮು ಹಿಡಿದಿತ್ತು. ಇಲ್ಲೇ ಸತ್ತುಹೋಗ್ತೀನಿ ಅನ್ನಿಸ್ತು."

ತಿರುವು ಸಿಕ್ಕಿದ್ದು "ಒಂದು ದಿನ" ಅನ್ನುವಲ್ಲಿ. ಸಾಮಾನ್ಯವಾಗಿ ಹೇಗಿರುತ್ತೆ ಅಂತ ಕೇಳಿದರೆ ಸಾಮಾನ್ಯ ಉತ್ತರವೇ ಬರುತ್ತದೆ. ಒಂದು ದಿನ, ಒಂದು ಜಾಗ ಕೇಳಿದರೆ ಕಾರಿನ ಒಳಗೆ ಕೂತ ಮನುಷ್ಯ ಕಾಣಿಸುತ್ತಾನೆ. ಇದು ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದ ಹಾಗೆ ಮೈಮೇಲೆ ಬರುವ ತೀವ್ರ ಭಯ, ಇರಬಹುದು. ಎದೆಯ ತೊಂದರೆಗೆ ಡಾಕ್ಟರನ್ನು ನೋಡಿದ್ದೀರಾ ಅಂತ ಕೇಳುವುದನ್ನೂ ಮರೆಯಬಾರದು.

"ಯಾಕೆ ಹಾಗೆ ಮಾಡಿದಿರಿ?" ಅನ್ನುವ ಧಾಟಿ ಬೇಡ. ಕೇಳುವವರ ಕಿವಿಗೆ ಅದು ಜಗಳದ ಹಾಗಿರುತ್ತದೆ. "ಆಗ ನಿಮಗೆ ಏನನ್ನಿಸುತ್ತಿತ್ತು?" ಅನ್ನಿ, ಅದೇ ಉತ್ತರ ಸಿಗುತ್ತದೆ.

ಹಂತ 4: ಈಗಲೇ ಯಾಕೆ?

ಮೇಲಿನ ಮನುಷ್ಯನಿಗೆ ಎರಡು ವರ್ಷದಿಂದ ಹೀಗಾಗುತ್ತಿತ್ತು ಅಂದುಕೊಳ್ಳಿ. ಈ ವಾರ ಬಂದದ್ದು ಮಗಳು "ಅಪ್ಪ ಕಾರಲ್ಲಿ ಯಾಕೆ ಅಳ್ತಿದ್ದೆ?" ಅಂತ ಕೇಳಿದ್ದಕ್ಕೆ. ಈ ಒಂದು ವಾಕ್ಯದಲ್ಲಿ ಅವರಿಗೆ ಯಾವುದು ಮುಖ್ಯ, ಯಾವುದರ ಭಯ ಜಾಸ್ತಿ, ಯಾವುದಕ್ಕಾಗಿ ಬದಲಾಗಲು ತಯಾರಿದ್ದಾರೆ, ಎಲ್ಲ ಇದೆ. ಲಕ್ಷಣಗಳ ಪಟ್ಟಿಯಲ್ಲಿ ಇದು ಸಿಗುವುದಿಲ್ಲ.

ಇಲ್ಲಿಂದ ಕಿರಿದು ಮಾಡುತ್ತಾ ಹೋಗಿ. ಯಾವಾಗ ಶುರುವಾಯಿತು, ವಾರಕ್ಕೆ ಎಷ್ಟು ಸಲ, ಯಾವುದರಿಂದ ಹೆಚ್ಚಾಗುತ್ತದೆ, ಯಾವುದರಿಂದ ಕಡಿಮೆಯಾಗುತ್ತದೆ, ಇದರಿಂದ ಏನೇನು ಬಿಟ್ಟುಹೋಯಿತು. ಇಲ್ಲಿಯವರೆಗೆ ಏನೇನು ಮಾಡಿ ನೋಡಿದ್ದೀರಿ ಅನ್ನುವುದು ನನಗೆ ಇಷ್ಟದ ಪ್ರಶ್ನೆ. ಹಿಂದೆ ಥೆರಪಿಗೆ ಹೋಗಿದ್ದರೆ ಅಲ್ಲಿ ಯಾವುದು ಹಿಡಿಸಲಿಲ್ಲ ಅಂತಲೂ ಕೇಳಿ. ಅದೇ ತಪ್ಪನ್ನು ನೀವು ಮಾಡುವುದು ತಪ್ಪುತ್ತದೆ.

ಹಂತ 5: ಸಾವಿನ ಬಗ್ಗೆ ಕೇಳುವುದು

ಇಲ್ಲಿ ಎಲ್ಲರ ನಾಲಿಗೆಯೂ ತಡವರಿಸುತ್ತದೆ. ನನ್ನದೂ ತಡವರಿಸುತ್ತಿತ್ತು. ಆತ್ಮಹತ್ಯೆಯ ಬಗ್ಗೆ ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅನ್ನುವ ಭಯ ಹಳೆಯದು. ಈ ಬಗ್ಗೆ ನಡೆದ ಅಧ್ಯಯನಗಳಲ್ಲಿ ಅದಕ್ಕೆ ಆಧಾರ ಸಿಕ್ಕಿಲ್ಲ. "ಸದ್ಯ, ಯಾರೋ ಕೇಳಿದರಲ್ಲ" ಅಂತ ಎಷ್ಟೋ ಜನ ಹಗುರಾಗುತ್ತಾರೆ. ಹಾಗಾಗಿ ಇದನ್ನು ಪ್ರತಿಯೊಬ್ಬರಿಗೂ ಕೇಳಿ. ನಗುತ್ತಾ ಬಂದವರಿಗೂ ಕೇಳಿ.

ಹೇಗೆ ಕೇಳಬಾರದು ಅನ್ನುವುದನ್ನು ಮೊದಲು ಹೇಳುತ್ತೇನೆ: "ಅಂಥ ಯೋಚನೆ ಎಲ್ಲ ಏನೂ ಬಂದಿಲ್ಲ, ಅಲ್ವಾ?" ಈ "ಅಲ್ವಾ" ಉತ್ತರವನ್ನು ಅವರ ಬಾಯಿಗೆ ತುರುಕುತ್ತದೆ. ನಿಮಗೆ "ಇಲ್ಲ" ಬೇಕು ಅಂತ ಅವರಿಗೆ ಗೊತ್ತಾಗುತ್ತದೆ, ಅವರು ಮರ್ಯಾದೆಗೆ "ಇಲ್ಲ" ಅನ್ನುತ್ತಾರೆ. "ಏನಾದ್ರೂ ಮಾಡಿಕೊಳ್ಳಬೇಕು ಅನ್ನಿಸಿದೆಯಾ" ಅನ್ನುವ ಸುತ್ತುಬಳಸಿನ ಮಾತೂ ಬೇಡ. ಏನಾದ್ರೂ ಅಂದರೆ ಏನು?

ಅವರು ಈಗಾಗಲೇ ಹೇಳಿದ ಕಷ್ಟದಿಂದಲೇ ಎತ್ತಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ:

- "ಇಷ್ಟೆಲ್ಲ ಆಗುತ್ತಿರುವಾಗ, ಬದುಕೇ ಬೇಡ ಅನ್ನಿಸಿದ್ದು ಇದೆಯಾ?"
- "ನಿಮ್ಮ ಜೀವ ನೀವೇ ತೆಗೆದುಕೊಳ್ಳಬೇಕು ಅನ್ನುವ ಯೋಚನೆ ಬಂದಿದೆಯಾ? ಕೊನೆಯ ಸಲ ಬಂದದ್ದು ಯಾವಾಗ?"
- "ಹೇಗೆ ಅಂತ ಯೋಚಿಸಿದ್ದೀರಾ? ಅದು ಈಗ ನಿಮ್ಮ ಕೈಗೆ ಸಿಗುವಂತಿದೆಯಾ?"
- "ಏನಾದರೂ ತಯಾರಿ ಮಾಡಿಕೊಂಡಿದ್ದೀರಾ? ಮಾಡಿಯೇ ಬಿಡುತ್ತೇನೆ ಅನ್ನುವಷ್ಟು ಮನಸ್ಸು ಗಟ್ಟಿಯಾಗಿದೆಯಾ?"
- "ಹಿಂದೆ ಯಾವಾಗಲಾದರೂ ಪ್ರಯತ್ನ ಮಾಡಿದ್ದಿರಾ?"
- "ಇಲ್ಲಿಯವರೆಗೆ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಏನು?"

ಸಾವು ಬಂದರೆ ಬರಲಿ ಅನ್ನುವುದಕ್ಕೂ ಮಾತ್ರೆ ಕೂಡಿಟ್ಟಿದ್ದೇನೆ ಅನ್ನುವುದಕ್ಕೂ ತುಂಬಾ ದೂರ ಇದೆ. ಯೋಜನೆ, ಸಾಧನ, ತಯಾರಿ, ಹಿಂದಿನ ಪ್ರಯತ್ನ, ಇವು ಸೇರಿದಷ್ಟೂ ಅಪಾಯ ಹೆಚ್ಚು. ಅದರ ಮೇಲೆ ಕುಡಿತ, ಒಂಟಿತನ, ಇತ್ತೀಚಿನ ದೊಡ್ಡ ನಷ್ಟ ಇದ್ದರೆ ಇನ್ನೂ ಹೆಚ್ಚು. ಹಿಂದಿನ ಪ್ರಯತ್ನವನ್ನು "ಅದು ಹಳೇ ಮಾತು ಬಿಡಿ" ಅಂತ ಅವರೇ ತಳ್ಳಿಹಾಕಬಹುದು, ನೀವು ತಳ್ಳಿಹಾಕಬೇಡಿ.

ಅಪಾಯ ಇದೆ ಅನ್ನಿಸಿದರೆ ಫಾರ್ಮ್ ಮುಚ್ಚಿಡಿ. ಉಳಿದ ಸಮಯವೆಲ್ಲ ಇದಕ್ಕೇ. ಮನೋವಿಜ್ಞಾನಿಗಳಾದ ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆಯನ್ನು ಬಹಳ ಕಡೆ ಬಳಸುತ್ತಾರೆ. ಅದರಲ್ಲಿ 6 ಭಾಗ ಇವೆ. ಮನಸ್ಸು ಕೆಡುತ್ತಿದೆ ಅನ್ನುವ ಮುನ್ಸೂಚನೆಗಳು, ತಾವೇ ಮಾಡಿಕೊಳ್ಳಬಹುದಾದ ಸಮಾಧಾನ, ಮನಸ್ಸು ಬೇರೆ ಕಡೆ ತಿರುಗಿಸುವ ಜನ ಮತ್ತು ಜಾಗ, ಸಹಾಯ ಕೇಳಬಹುದಾದ ಆಪ್ತರು, ವೃತ್ತಿಪರರು ಮತ್ತು ತುರ್ತು ನಂಬರ್, ಕೊನೆಗೆ ಅಪಾಯದ ವಸ್ತುಗಳನ್ನು ಕೈಗೆ ಸಿಗದಂತೆ ಮಾಡುವುದು. ಇದನ್ನು ಅವರ ಮಾತಲ್ಲೇ, ಅವರ ಜೊತೆ ಕೂತು ಬರೆಯಿರಿ. "ಮಾಡಿಕೊಳ್ಳಲ್ಲ ಅಂತ ಮಾತು ಕೊಡಿ" ಅಂತ ಪ್ರಮಾಣ ಮಾಡಿಸುವುದರಿಂದ ನಿಮಗೆ ಸಮಾಧಾನವಾಗಬಹುದು, ಅವರಿಗೆ ರಕ್ಷಣೆ ಸಿಗುವುದಿಲ್ಲ. ಸಾಯುವ ಯೋಜನೆಯೂ ಇದೆ, ನಿರ್ಧಾರವೂ ಇದೆ ಅಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಸೂಪರ್‌ವೈಸರನ್ನು ಆಗಲೇ ಕರೆಯಿರಿ, ತುರ್ತು ಸೇವೆಗೆ ಸೇರಿಸಿ.

ಬೇರೆಯವರಿಗೆ ಹಾನಿ ಮಾಡುವ ಯೋಚನೆ, ಮನೆಯಲ್ಲಿ ಹೊಡೆತ ಬಡಿತ, ಇವನ್ನೂ ಇದೇ ಭಾಗದಲ್ಲಿ ಕೇಳಿ. ಹೊಡೆತದ ಪ್ರಶ್ನೆಯನ್ನು ಸಂಗಾತಿಯ ಎದುರು ಯಾವತ್ತೂ ಕೇಳಬಾರದು. ಜೊತೆಗೆ ಬಂದವರು ಎಷ್ಟೇ ಒಳ್ಳೆಯವರ ಹಾಗೆ ಕಂಡರೂ ಸ್ವಲ್ಪ ಹೊತ್ತು ಒಬ್ಬರನ್ನೇ ನೋಡಿ. "ಎಲ್ಲರ ಹತ್ತಿರವೂ ಒಬ್ಬರೇ ಇರುವಾಗ ಸ್ವಲ್ಪ ಮಾತಾಡುವುದು ನಮ್ಮ ಪದ್ಧತಿ" ಅಂದರೆ ಯಾರಿಗೂ ಬೇಸರವಿಲ್ಲ.

ಹಂತ 6: ಹಿನ್ನೆಲೆ

ಇದನ್ನು ಬೇಗ ಮುಗಿಸಬಹುದು. ಪೂರ್ತಿ ಜೀವನಚರಿತ್ರೆ ಇವತ್ತೇ ಬೇಕಿಲ್ಲ.

ದೇಹದ ಆರೋಗ್ಯವನ್ನು ಮಾತ್ರ ಬಿಡಬೇಡಿ. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆ ಇದ್ದರೂ, ಬಿ12 ಕೊರತೆಯಿದ್ದರೂ ಸುಸ್ತು, ಮಂಕು ಬರುತ್ತದೆ. ಥೈರಾಯ್ಡ್ ಜಾಸ್ತಿಯಾದರೆ ಆತಂಕದ ಹಾಗೇ ಕೈ ನಡುಗುತ್ತದೆ. ಸ್ಟೀರಾಯ್ಡ್ ಮಾತ್ರೆಗಳು ಮನಸ್ಸನ್ನು ಏರುಪೇರು ಮಾಡಬಲ್ಲವು. ಇತ್ತೀಚೆಗೆ ರಕ್ತಪರೀಕ್ಷೆ ಆಗಿಲ್ಲದಿದ್ದರೆ ಡಾಕ್ಟರ ಹತ್ತಿರ ಕಳಿಸಿ.

ಕುಡಿತದ ಬಗ್ಗೆ "ಕುಡಿಯುತ್ತೀರಾ?" ಅನ್ನುವುದಕ್ಕಿಂತ "ವಾರದಲ್ಲಿ ಎಷ್ಟು ದಿನ, ಒಂದು ಸಲಕ್ಕೆ ಎಷ್ಟು?" ಅಂತ ಕೇಳಿದರೆ ನಿಜ ಬೇಗ ಬರುತ್ತದೆ. ಕುಡಿತವನ್ನು ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ (AUDIT) ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿವೆ, 8 ಅಂಕ ಅಥವಾ ಮೇಲೆ ಬಂದರೆ ಗಮನ ಕೊಡಬೇಕು. ದಿನಾ ಜಾಸ್ತಿ ಕುಡಿಯುವವರಿಗೆ "ನಾಳೆಯಿಂದಲೇ ಬಿಟ್ಟುಬಿಡಿ" ಅಂತ ಹೇಳಬೇಡಿ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯವಾಗಬಹುದು. ಅದು ವೈದ್ಯರ ಮೇಲ್ವಿಚಾರಣೆಯಲ್ಲಿ ಆಗಬೇಕು.

ಖಿನ್ನತೆ ಅಂತ ಬರೆಯುವ ಮುಂಚೆ ಇದರ ಉಲ್ಟಾ ಕಾಲ ಯಾವತ್ತಾದರೂ ಇತ್ತಾ ಅಂತ ಕೇಳಿ. "ನಾಲ್ಕೈದು ದಿನ ನಿದ್ದೆಯೇ ಬೇಡ ಅನ್ನಿಸಿ, ಆದರೂ ಸುಸ್ತಾಗದೆ, ಮಾತು, ಖರ್ಚು, ಪ್ಲಾನ್ ಎಲ್ಲ ಜಾಸ್ತಿಯಾಗಿದ್ದ ಕಾಲ ಇತ್ತಾ?" ಇಂಥ ಕಾಲ ತೀವ್ರವಾಗಿದ್ದರೆ ಮೇನಿಯಾ, ಸೌಮ್ಯವಾಗಿದ್ದರೆ ಹೈಪೋಮೇನಿಯಾ. ಮಾನಸಿಕ ಕಾಯಿಲೆಗಳನ್ನು ಗುರುತಿಸುವ ಅಮೆರಿಕದ ಕೈಪಿಡಿ ಡಿ.ಎಸ್.ಎಂ-5 ಪ್ರಕಾರ ಹೈಪೋಮೇನಿಯಾಕ್ಕೆ ಕನಿಷ್ಠ 4 ದಿನ, ಮೇನಿಯಾಕ್ಕೆ ಸಾಮಾನ್ಯವಾಗಿ 7 ದಿನ. ಬೈಪೋಲಾರ್ (ಖಿನ್ನತೆಯೂ ಈ ಉಲ್ಟಾ ಕಾಲವೂ ಬಂದುಹೋಗುವ ಕಾಯಿಲೆ) ಇರುವವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಮೇನಿಯಾ ಕಡೆ ತಿರುಗುವ ಸಾಧ್ಯತೆ ಇರುವುದರಿಂದ ಈ ಒಂದು ಪ್ರಶ್ನೆಗೆ ಬೆಲೆ ಜಾಸ್ತಿ.

ಹಳೆಯ ಆಘಾತಗಳ ವಿಷಯದಲ್ಲಿ ತಲೆಬರಹ ಸಾಕು. "ಈಗಲೂ ಕಾಡುವಂಥದ್ದು ಏನಾದರೂ ನಡೆದಿದೆಯಾ? ವಿವರ ಇವತ್ತು ಬೇಕಿಲ್ಲ." ಕುತೂಹಲಕ್ಕೆ ಅಥವಾ ಪರಿಪೂರ್ಣತೆಗೆ ಆಸೆಪಟ್ಟು ಗಾಯ ಬಿಚ್ಚಿಸಿ, ಸಮಯವಾಯಿತು ಅಂತ ಕಳಿಸಿಕೊಡುವುದು ಅನ್ಯಾಯ. ಕೆಲವರು ತಾವಾಗಿಯೇ ಪೂರ್ತಿ ಹೇಳಲು ಶುರು ಮಾಡುತ್ತಾರೆ. ಆಗ ಮೆಲ್ಲಗೆ ತಡೆಯಬೇಕು: "ಇದು ದೊಡ್ಡ ವಿಷಯ. ಅವಸರದಲ್ಲಿ ಕೇಳಲು ನನಗೆ ಇಷ್ಟವಿಲ್ಲ. ಇದಕ್ಕೆ ಬೇರೆ ಸಮಯ ಇಟ್ಟುಕೊಳ್ಳೋಣ."

ಮನೆಯಲ್ಲಿ ಯಾರ್ಯಾರಿದ್ದಾರೆ, ಯಾರ ಹತ್ತಿರ ಮನಸ್ಸು ಬಿಚ್ಚುತ್ತಾರೆ, ಹಣ ಮತ್ತು ಕೆಲಸದ ಸ್ಥಿತಿ, ವಂಶದಲ್ಲಿ ಮಾನಸಿಕ ಕಾಯಿಲೆ ಅಥವಾ ಆತ್ಮಹತ್ಯೆ ಇದೆಯಾ, ಇವಿಷ್ಟು ಸಾಕು. ಯಾವುದು ಇನ್ನೂ ಚೆನ್ನಾಗಿ ನಡೆಯುತ್ತಿದೆ ಅಂತಲೂ ಕೇಳಿ. ಒಂದು ಗಂಟೆ ಬರೀ ಮುರಿದದ್ದನ್ನೇ ತೋರಿಸಿ ಎದ್ದುಹೋಗುವುದು ಯಾರಿಗೂ ಹಿತವಲ್ಲ.

ಕೇಳದೆ ನೋಡುವುದು

ಮನಃಸ್ಥಿತಿ ಪರೀಕ್ಷೆ ಅಂತ ಪುಸ್ತಕದಲ್ಲಿ ಓದಿರುತ್ತೀರಿ. ಬಹುಪಾಲು ಇದು ಮಾತಾಡುತ್ತಲೇ ಆಗಿಹೋಗುತ್ತದೆ. ಬಟ್ಟೆ, ಕೂರುವ ರೀತಿ, ಮಾತಿನ ವೇಗ, ಯೋಚನೆ ಸಾಲಾಗಿ ಬರುತ್ತದಾ ಚೆದುರುತ್ತದಾ, ಹೇಳುವ ವಿಷಯಕ್ಕೂ ಮುಖಕ್ಕೂ ಹೊಂದುತ್ತದಾ. ಬರೆಯುವಾಗ ಕಂಡದ್ದನ್ನು ಬರೆಯಿರಿ. "ವಿಚಿತ್ರವಾಗಿ ವರ್ತಿಸಿದರು" ಅಂದರೆ ಏನೂ ತಿಳಿಯದು. "ಉತ್ತರಿಸುವ ಮುಂಚೆ ಪ್ರತಿ ಸಲ ಬಾಗಿಲ ಕಡೆ ನೋಡಿದರು, ದನಿ ತಗ್ಗಿಸಿದರು" ಅಂದರೆ ಓದಿದವರಿಗೆ ಕಾಣುತ್ತದೆ. ಯಾರೂ ಇಲ್ಲದಾಗ ದನಿ ಕೇಳಿಸುತ್ತದಾ, ಯಾರೋ ಹಿಂಬಾಲಿಸುತ್ತಿದ್ದಾರೆ ಅನ್ನಿಸುತ್ತದಾ ಅನ್ನುವುದನ್ನು ಮಾತ್ರ ಬಾಯಿಬಿಟ್ಟೇ ಕೇಳಬೇಕು.

ಪ್ರಶ್ನಾವಳಿ ಬಳಸುವುದಾದರೆ ಭೇಟಿಗೆ ಮುಂಚೆ ಕೊಡಿ. 2001ರಲ್ಲಿ ಪ್ರಕಟವಾದ, ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿ.ಎಚ್.ಕ್ಯೂ-9 ಕಳೆದ ಎರಡು ವಾರದ ಬಗ್ಗೆ ಕೇಳುತ್ತದೆ. ಒಟ್ಟು 27 ಅಂಕ, 10 ಅಥವಾ ಮೇಲಿದ್ದರೆ ಖಿನ್ನತೆಯನ್ನು ಗಂಭೀರವಾಗಿ ನೋಡಬೇಕು. ಒಟ್ಟು ಅಂಕ ನೋಡುವ ಮುಂಚೆ 9ನೇ ಪ್ರಶ್ನೆ ನೋಡಿ. ಸಾವಿನ ಮತ್ತು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಅಲ್ಲಿದೆ. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಇದ್ದರೂ ಅದರ ಬಗ್ಗೆ ಮಾತಾಡದೆ ಕಳಿಸಬೇಡಿ. ಸೊನ್ನೆ ಇದ್ದರೂ ಬಾಯಲ್ಲಿ ಕೇಳಲೇಬೇಕು.

ಹಂತ 7: ಕೊನೆಯ ಹತ್ತು ನಿಮಿಷ

ಇದನ್ನು ಹತ್ತು ನಿಮಿಷ ಇರುವಾಗಲೇ ಶುರು ಮಾಡಿ. "ಇನ್ನು ಹತ್ತು ನಿಮಿಷ ಇದೆ. ನಾನು ಕೇಳದೆ ಬಿಟ್ಟ, ನನಗೆ ಗೊತ್ತಿರಬೇಕಾದ ವಿಷಯ ಏನಾದರೂ ಇದೆಯಾ?" ಜನ ಅತಿ ಭಾರದ ಮಾತನ್ನು ಬಾಗಿಲ ಹಿಡಿಕೆಗೆ ಕೈ ಹಾಕಿದಾಗ ಹೇಳುತ್ತಾರೆ. ಈ ಪ್ರಶ್ನೆ ಆ ಮಾತನ್ನು ಹತ್ತು ನಿಮಿಷ ಮುಂಚೆ ಎಳೆದು ತರುತ್ತದೆ. ನಾನು ಹೀಗೇ ಕೇಳಿದಾಗ ಒಬ್ಬರು ಶೂ ಲೇಸ್ ಕಟ್ಟುತ್ತಾ, ತಲೆ ಎತ್ತದೆ, "ಕೆಲಸ ಹೋಗಿ ಎರಡು ತಿಂಗಳಾಯ್ತು, ಮನೇಲಿ ಯಾರಿಗೂ ಗೊತ್ತಿಲ್ಲ" ಅಂದರು. ಅದಕ್ಕೂ ಮುಂಚಿನ ನಲವತ್ತು ನಿಮಿಷ ನಾವು ನಿದ್ದೆಯ ಬಗ್ಗೆ ಮಾತಾಡಿದ್ದೆವು.

ಆಮೇಲೆ ನಿಮಗೆ ಅರ್ಥವಾದದ್ದನ್ನು ನಾಲ್ಕೈದು ವಾಕ್ಯದಲ್ಲಿ, ಅವರ ಪದಗಳಲ್ಲೇ ಹೇಳಿ, "ಎಲ್ಲಿ ತಪ್ಪಿದೆ, ಹೇಳಿ" ಅನ್ನಿ. ಸರಿ ಇದೆಯಾ ಅಂತ ಕೇಳಿದರೆ ಹೂಂ ಅಂದುಬಿಡುತ್ತಾರೆ.

ಗುರಿ, ಅದಕ್ಕೆ ಮಾಡುವ ಕೆಲಸ, ಇಬ್ಬರ ನಡುವಿನ ನಂಬಿಕೆ, ಈ ಮೂರು ಕೂಡಿದ್ದನ್ನು ಮನೋವಿಜ್ಞಾನಿ ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಥೆರಪಿಯ ಮೈತ್ರಿ ಅಂತ ವಿವರಿಸಿದರು. ನಂಬಿಕೆ ಒಂದೇ ದಿನದಲ್ಲಿ ಬರುವುದಿಲ್ಲ, ಮೊದಲೆರಡನ್ನು ಇವತ್ತೇ ಮಾತಾಡಬಹುದು. "ಮೂರು ತಿಂಗಳಾದ ಮೇಲೆ ಇದು ಉಪಯೋಗವಾಯಿತು ಅಂತ ಯಾವುದರಿಂದ ಗೊತ್ತಾಗುತ್ತದೆ?" ಅಂತ ಕೇಳಿ. "ಖುಷಿಯಾಗಿರಬೇಕು" ಅಂದರೆ ಅಲ್ಲಿಗೇ ಬಿಡಬೇಡಿ. "ಕಾರಿಂದ ಇಳಿದು ಸೀದಾ ಒಳಗೆ ಹೋಗಬೇಕು" ಅನ್ನುವ ಮಟ್ಟಕ್ಕೆ ತನ್ನಿ.

ಮುಂದೆ ಎಷ್ಟು ಸಲ ಸೇರುತ್ತೀರಿ, ಶುಲ್ಕ, ಬರಲು ಆಗದಿದ್ದರೆ ಏನು, ಎಲ್ಲ ಸ್ಪಷ್ಟವಾಗಿ ಹೇಳಿ. ನಿಮ್ಮಿಂದ ಆಗದ ಕೇಸ್ ಅಂತ ಗೊತ್ತಾದರೆ ಅದನ್ನೂ ಹೇಳಿ, ಯಾರ ಹತ್ತಿರ ಹೋಗಬೇಕು ಅಂತ ಹೆಸರು ಸಮೇತ ಹೇಳಿ. ಬೇರೆಯವರನ್ನು ನೋಡಿ ಅಂತ ಸುಮ್ನೆ ಕಳಿಸಿದರೆ ಬಹಳ ಜನ ಯಾರ ಹತ್ತಿರವೂ ಹೋಗುವುದಿಲ್ಲ.

ಹಂತ 8: ಅವರು ಹೋದ ಮೇಲೆ

ನೋಟ್ಸ್ ಅದೇ ದಿನ ಬರೆಯಿರಿ. ಬಂದ ಕಾರಣವನ್ನು ಉದ್ಧರಣ ಚಿಹ್ನೆಯೊಳಗೆ, ಅವರು ಹೇಳಿದ ಹಾಗೇ. ಅಪಾಯದ ಬಗ್ಗೆ ಏನು ಕೇಳಿದಿರಿ, ಏನು ಹೇಳಿದರು, ನೀವು ಏನು ಮಾಡಿದಿರಿ, ಮೂರನ್ನೂ ಬರೆಯಿರಿ. "ಅಪಾಯ ಇಲ್ಲ" ಅನ್ನುವ ಎರಡು ಪದ ಸಾಲದು. ಆಮೇಲೆ ಒಂದು ಪ್ಯಾರಾ ನಿಮ್ಮ ಊಹೆ: ಈ ತೊಂದರೆಗೆ ನೆಲ ಹದ ಮಾಡಿದ್ದು ಏನು, ಈಗ ಕಿಡಿ ಹಚ್ಚಿದ್ದು ಏನು, ಆರದಂತೆ ಉರಿಸುತ್ತಿರುವುದು ಏನು, ಕಾಪಾಡುತ್ತಿರುವುದು ಏನು. ತಪ್ಪಾಗಬಹುದು, ಪರವಾಗಿಲ್ಲ, ಪೆನ್ಸಿಲ್‌ನಲ್ಲಿ ಬರೆದ ಹಾಗೆ ಅಂದುಕೊಳ್ಳಿ. ಒಂದು ದಿನ ಅವರೇ ಈ ಪುಟ ಓದಬಹುದು ಅನ್ನುವುದು ನೆನಪಿರಲಿ.

ಅಭ್ಯಾಸಕ್ಕೆ ಸಹಪಾಠಿಯ ಜೊತೆ ಪಾತ್ರ ಹಾಕಿ ಮಾಡಿ. ಸಾವಿನ ಪ್ರಶ್ನೆಗಳನ್ನು ಕನ್ನಡಿ ಮುಂದೆ ಜೋರಾಗಿ ಹೇಳಿ. ಮೊದಲ ಸಲ ಬಾಯಿಂದ ಬರುವುದು ನಿಜವಾದ ರೋಗಿಯ ಎದುರೇ ಆಗಬಾರದು. ಲಿಖಿತ ಒಪ್ಪಿಗೆ ಇದ್ದರೆ ರೆಕಾರ್ಡ್ ಮಾಡಿ, ಹತ್ತು ನಿಮಿಷ ಕೇಳಿಸಿಕೊಂಡು, ಎಷ್ಟು ಸಲ ಅವರ ಮಾತು ಮುಗಿಯುವ ಮುಂಚೆ ನೀವು ಬಾಯಿ ಹಾಕಿದಿರಿ ಅಂತ ಎಣಿಸಿ. ನನ್ನ ಮೊದಲ ರೆಕಾರ್ಡಿಂಗ್‌ನಲ್ಲಿ ಅದು ಹನ್ನೊಂದು.

ಎರಡನೇ ಭೇಟಿಯನ್ನು ಫಾರ್ಮ್‌ನ ಉಳಿದ ಖಾನೆಗಳಿಂದ ಶುರು ಮಾಡಬೇಡಿ. "ಹೋದ ಸಲ ಇಲ್ಲಿಂದ ಹೋದ ಮೇಲೆ ಏನನ್ನಿಸಿತು?" ಅಂತ ಕೇಳಿ. "ಅಷ್ಟೊಂದು ಹೇಳಬಾರದಿತ್ತು ಅನ್ನಿಸ್ತು" ಅಂತ ಬಹಳ ಜನ ಹೇಳುತ್ತಾರೆ. ಹೇಳಿದರೆ ಒಳ್ಳೆಯದು, ಅಲ್ಲಿಂದಲೇ ಮುಂದುವರಿಸಿ.